ಕಲಾ ಸಂಯೋಜಿತ ಪಠ್ಯಕ್ರಮ: ಯಾವ ಶಾಲೆಗೆ ಯಾವ ಮಾದರಿ?

ಒಂದರಿಂದ ಎಂಟನೇ ತರಗತಿಯವರೆಗೆ ಕಲೆಯನ್ನು ಪಾಠದೊಳಕ್ಕೆ ತರಬೇಕೆಂದು ತೀರ್ಮಾನಿಸಿದ ಮುಖ್ಯ ಶಿಕ್ಷಕರ ಮತ್ತು ಆಡಳಿತ ಮಂಡಳಿಯವರ ಮುಂದೆ ಕನಿಷ್ಠ ಐದಾರು ಸಿದ್ಧ ಮಾದರಿಗಳು ಇರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಇತಿಹಾಸ, ಪರಿಭಾಷೆ ಮತ್ತು ತರಬೇತಿಯ ಕ್ರಮ ಇದೆ. ಆದರೆ ಅವುಗಳ ಪರಿಚಯ ಪುಸ್ತಿಕೆಗಳನ್ನು ಓದಿದರೆ ಎಲ್ಲವೂ ಸೃಜನಶೀಲತೆ, ಆನಂದ, ಸರ್ವಾಂಗೀಣ ಬೆಳವಣಿಗೆ ಎಂಬ ಅದೇ ಮಾತುಗಳನ್ನು ಆಡುತ್ತವೆ. ಈ ಬರಹದಲ್ಲಿ ಆ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಎರಡು ಪ್ರಶ್ನೆಗಳಿಂದ ಪರೀಕ್ಷಿಸಲಾಗಿದೆ. ಆ ಮಾದರಿಯಲ್ಲಿ ಕಲೆಗೆ ತನ್ನದೇ ಆದ ಕಲಿಕಾ ಗುರಿ ಇದೆಯೇ? ಕಲೆ ಬಲ್ಲವರೂ ವಿಷಯ ಬಲ್ಲವರೂ ಕೂಡಿ ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿ ಜಾಗವಿದೆಯೇ? ಮಾದರಿಯ ಹೆಸರಿಗಿಂತ ಈ ಎರಡಕ್ಕೆ ಸಿಗುವ ಉತ್ತರವೇ ಮಕ್ಕಳ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಶಾಲೆ ಹುಡುಕುತ್ತಿರುವ ಪೋಷಕರೂ ಇದೇ ಪ್ರಶ್ನೆಗಳನ್ನು ಕೇಳಬಹುದು.

ಸಂಯೋಜನೆಯ ನಾಲ್ಕು ಬಗೆ

ಇಲಿನಾಯ್ ವಿಶ್ವವಿದ್ಯಾಲಯದ ಲಿಯೋರಾ ಬ್ರೆಸ್ಲರ್ ಅವರು ಪ್ರಾಥಮಿಕ ಶಾಲೆಗಳ ತರಗತಿಗಳನ್ನು ಗಮನಿಸಿ 1995ರಲ್ಲಿ ಮಂಡಿಸಿದ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಮೊದಲನೆಯ ಬಗೆಯಲ್ಲಿ ಕಲೆ ಪಾಠದ ಊಳಿಗಕ್ಕೆ ನಿಂತಿರುತ್ತದೆ: ಮಗ್ಗಿ ಬಾಯಿಪಾಠವಾಗಲೆಂದು ಹಾಡಿಸುವುದು, ಪಾಠ ಮುಗಿದ ಮೇಲೆ ಅದರ ಚಿತ್ರಕ್ಕೆ ಬಣ್ಣ ತುಂಬಿಸುವುದು ಇತ್ಯಾದಿ. ಎರಡನೆಯದರಲ್ಲಿ ಕಲೆಯೂ ವಿಷಯವೂ ಸರಿಸಮಾನವಾಗಿ ನಿಂತು ಎರಡೂ ಮಗುವಿನ ಬುದ್ಧಿಗೆ ಕೆಲಸ ಕೊಡುತ್ತವೆ. ಮೂರನೆಯದರಲ್ಲಿ ಕಲೆಯ ಕೆಲಸ ಭಾವಕ್ಕೆ ಸಂಬಂಧಿಸಿದ್ದು. ದಣಿದ ಮನಸ್ಸನ್ನು ಹಗುರಗೊಳಿಸುವುದು, ತನಗನಿಸಿದ್ದನ್ನು ಹೊರಹಾಕಲು ಅವಕಾಶ ಕೊಡುವುದು. ನಾಲ್ಕನೆಯದು ಸಾಮಾಜಿಕವಾದುದು, ಅಂದರೆ ಶಾಲೆಯ ಸಮಾರಂಭಗಳಿಗಾಗಿ ಹಾಡು, ಕುಣಿತ, ನಾಟಕ ಸಿದ್ಧಪಡಿಸುವುದು. ಬ್ರೆಸ್ಲರ್ ಕಂಡುಕೊಂಡಂತೆ ಮೊದಲನೆಯ ಬಗೆ ಎಲ್ಲೆಡೆ ಸಿಗುತ್ತಿತ್ತು, ಎರಡನೆಯದು ಅಪರೂಪವಾಗಿತ್ತು.

ಮೊದಲ, ಮೂರನೆಯ ಮತ್ತು ನಾಲ್ಕನೆಯ ಬಗೆಗಳಲ್ಲಿ ತಪ್ಪೇನೂ ಇಲ್ಲ. ಹಾಡಿನಿಂದ ಮಗ್ಗಿ ನೆನಪಿನಲ್ಲಿ ಉಳಿದರೆ ಹಾಡಿಸಬೇಕು. ಆದರೆ ಅಷ್ಟನ್ನೇ ಮಾಡಿ ಅದನ್ನು ಪಠ್ಯಕ್ರಮವೆಂದು ಕರೆದಾಗ, ಕಲಾ ಪಿರಿಯಡ್ಡನ್ನು ಕಡಿತಗೊಳಿಸಲು ಅದೇ ನೆಪವಾಗುವ ಅಪಾಯವಿದೆ. ‘ಎಲ್ಲ ಪಾಠಗಳಲ್ಲೂ ಕಲೆ ಇದೆಯಲ್ಲ, ಮತ್ತೆ ಪ್ರತ್ಯೇಕ ಸಂಗೀತದ ತರಗತಿ ಏಕೆ’ ಎಂಬ ಮಾತು ಸಭೆಯಲ್ಲಿ ಬಂದ ದಿನ ಸಂಯೋಜನೆಯ ಉದ್ದೇಶವೇ ತಲೆಕೆಳಗಾಗುತ್ತದೆ.

ವಾಷಿಂಗ್ಟನ್‌ನ ಜಾನ್ ಎಫ್. ಕೆನಡಿ ಕಲಾ ಕೇಂದ್ರವು ಶಿಕ್ಷಕರ ತರಬೇತಿಗಾಗಿ ರೂಪಿಸಿರುವ ವ್ಯಾಖ್ಯಾನ ಎರಡನೆಯ ಬಗೆಗೆ ಹತ್ತಿರವಾದುದು. ಅದರ ಪ್ರಕಾರ ವಿದ್ಯಾರ್ಥಿಗಳು ಒಂದು ಕಲಾಪ್ರಕಾರದ ಮೂಲಕ ತಮ್ಮ ತಿಳಿವಳಿಕೆಯನ್ನು ಕಟ್ಟಿಕೊಳ್ಳಬೇಕು ಮತ್ತು ತೋರಿಸಬೇಕು. ಕಲೆಯನ್ನೂ ಇನ್ನೊಂದು ವಿಷಯವನ್ನೂ ಜೋಡಿಸುವ ಸೃಜನಕಾರ್ಯದಲ್ಲಿ ತೊಡಗಬೇಕು. ಎರಡೂ ಕಡೆಯ ಗುರಿಗಳು ಈಡೇರಬೇಕು. ಈ ಕೊನೆಯ ಷರತ್ತೇ ಬಿಗಿಯಾದುದು, ಮತ್ತು ಬಹುತೇಕ ಪಾಠ ಯೋಜನೆಗಳು ಸೋಲುವುದು ಅಲ್ಲಿಯೇ.

ಐದನೇ ತರಗತಿಯ ಭಿನ್ನರಾಶಿಯ ಪಾಠವನ್ನು ಹತ್ತಿರದಿಂದ ನೋಡೋಣ. ಶಿಕ್ಷಕರು ಒಂದೇ ವೇಗದಲ್ಲಿ ಚಪ್ಪಾಳೆ ತಟ್ಟುತ್ತಾ ಹೋಗುತ್ತಾರೆ. ಒಂದು ಚಪ್ಪಾಳೆಯಿಂದ ಮುಂದಿನ ಚಪ್ಪಾಳೆಯವರೆಗಿನ ಕಾಲವೇ ಇಲ್ಲಿ ‘ಒಂದು’. ಒಂದು ಗುಂಪು ಆ ಕಾಲದೊಳಗೆ ‘ತಕಿಟ’ ಎಂದು ಮೂರು ಅಕ್ಷರ ನುಡಿಯುತ್ತದೆ, ಇನ್ನೊಂದು ಗುಂಪು ‘ತಕದಿಮಿ’ ಎಂದು ನಾಲ್ಕು. ನಾಲ್ಕು ಅಕ್ಷರ ತುಂಬಬೇಕಾದವರಿಗೆ ಒಂದೊಂದು ಅಕ್ಷರಕ್ಕೆ ಸಿಗುವ ಕಾಲ ಕಡಿಮೆ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ 1/3ಕ್ಕಿಂತ 1/4 ದೊಡ್ಡದು ಎಂದುಕೊಳ್ಳುವುದು ಈ ವಯಸ್ಸಿನಲ್ಲಿ ತೀರ ಸಾಮಾನ್ಯವಾದ ತಪ್ಪು. ಅದು ಇಲ್ಲಿ ಬಾಯಿಬಿಟ್ಟ ಕೂಡಲೇ ಬಯಲಾಗುತ್ತದೆ. ಇದು ಗಣಿತದ ಗುರಿ. ಸಂಗೀತದ ಗುರಿ ಬೇರೆ: ಒಳಗಿನ ಅಕ್ಷರಗಳು ಬದಲಾದರೂ ಲಯ ಅಲುಗಾಡಬಾರದು. ಮೂರರಿಂದ ನಾಲ್ಕಕ್ಕೆ ದಾಟುವಾಗ ಮಕ್ಕಳು ಅಕ್ಷರಗಳನ್ನು ಬಿಗಿಯಾಗಿ ಹಿಡಿಯುವ ಬದಲು ಚಪ್ಪಾಳೆಯ ನಡುವಿನ ಕಾಲವನ್ನೇ ಹಿಗ್ಗಿಸಿಬಿಡುವುದುಂಟು. ಆಗ ಲಯ ತಪ್ಪಿತು ಎನ್ನುವ ಸಂಗೀತ ಶಿಕ್ಷಕರೂ, ‘ಒಂದು’ ಬದಲಾದ್ದರಿಂದ ಹೋಲಿಕೆಯೇ ಕೆಟ್ಟಿತು ಎನ್ನುವ ಗಣಿತ ಶಿಕ್ಷಕರೂ ಒಂದೇ ತಪ್ಪನ್ನು ತೋರಿಸುತ್ತಿರುತ್ತಾರೆ, ಏಕೆಂದರೆ ಪೂರ್ಣ ಒಂದೇ ಆಗಿದ್ದರೆ ಮಾತ್ರ ಎರಡು ಭಿನ್ನರಾಶಿಗಳನ್ನು ಹೋಲಿಸಲು ಸಾಧ್ಯ. ಎರಡು ವಿಷಯಗಳು ನಿಜವಾಗಿ ಬೆಸೆದುಕೊಂಡಿವೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ: ಕಲೆಯಲ್ಲಾದ ತಪ್ಪು ವಿಷಯದಲ್ಲಿಯೂ ತಪ್ಪಾಗಿ ಕಾಣಬೇಕು. ಭಿನ್ನರಾಶಿಯ ನಿಯಮಗಳನ್ನು ಯಾವುದೋ ಹಾಡಿನ ಧಾಟಿಗೆ ಹೊಂದಿಸಿ ಹಾಡಿಸಿದಾಗ ಅಂಥ ಸಂಬಂಧ ಇರುವುದಿಲ್ಲ. ಅಪಶ್ರುತಿಯಲ್ಲಿ ಹಾಡಿದರೂ ನಿಯಮ ಸರಿಯಾಗಿಯೇ ಇರುತ್ತದೆ.

ಮಾದರಿಗಳು

ಸಂಯೋಜನೆಯೇ ಇಲ್ಲದ ವ್ಯವಸ್ಥೆಯನ್ನೂ ಹೋಲಿಕೆಯಲ್ಲಿ ಸೇರಿಸಿಕೊಳ್ಳಬೇಕು. ಚಿತ್ರಕಲೆ, ಸಂಗೀತ, ನೃತ್ಯ, ನಾಟಕಗಳಿಗೆ ಪ್ರತ್ಯೇಕ ಪಿರಿಯಡ್ ಮತ್ತು ಪ್ರತ್ಯೇಕ ಶಿಕ್ಷಕರಿರುವ ಶಾಲೆಯಲ್ಲಿ ಕಲೆ ಕ್ರಮವಾಗಿ, ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಆ ಕಲಾ ಶಿಕ್ಷಣ ಗಟ್ಟಿಯಾಗಿದ್ದರೆ ಸಂಯೋಜನೆ ಅದರ ಮೇಲೆ ನಿಲ್ಲುತ್ತದೆ. ಅದೇ ಇಲ್ಲದಿದ್ದರೆ ಸಂಯೋಜನೆಗೆ ಒದಗಿಸಲು ಮಕ್ಕಳ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಪ್ರತ್ಯೇಕ ತರಗತಿ ಬೇಕೋ ಸಂಯೋಜನೆ ಬೇಕೋ ಎಂದು ಕೇಳುವುದೇ ತಪ್ಪು ಲೆಕ್ಕ. ಕಲಾ ಶಿಕ್ಷಕರು ಒಬ್ಬರೂ ಇಲ್ಲದ ಶಾಲೆ ಮೊದಲು ಒಬ್ಬರನ್ನು ನೇಮಿಸಿಕೊಳ್ಳುವುದು ಯಾವ ಮಾದರಿಯನ್ನು ಕೊಳ್ಳುವುದಕ್ಕಿಂತಲೂ ಒಳ್ಳೆಯ ಆರಂಭ.

ಇಡೀ ಶಾಲೆಯನ್ನೇ ಬದಲಾಯಿಸುವ ಮಾದರಿಗಳಲ್ಲಿ ಅಮೆರಿಕದ ‘ಎ ಪ್ಲಸ್ ಸ್ಕೂಲ್ಸ್’ ಗಮನಾರ್ಹವಾದುದು. ಉತ್ತರ ಕೆರೊಲಿನಾದಲ್ಲಿ ಕೆನನ್ ಕಲಾ ಸಂಸ್ಥೆಯ ಆಶ್ರಯದಲ್ಲಿ 1995ರಲ್ಲಿ 25 ಶಾಲೆಗಳೊಂದಿಗೆ ಆರಂಭವಾದ ಇದು ನಂತರ ಒಕ್ಲಹೋಮ ಮತ್ತು ಅರ್ಕನ್ಸಾಗಳಿಗೂ ಹಬ್ಬಿತು. ಇದರಲ್ಲಿ ಸಿದ್ಧ ಪಠ್ಯಪುಸ್ತಕವಿಲ್ಲ. ಕಲೆ, ಪಠ್ಯಕ್ರಮ, ಅನುಭವದ ಕಲಿಕೆ, ಮೌಲ್ಯಮಾಪನ, ಸಹಯೋಗ, ಶಾಲೆಯ ವಾತಾವರಣ ಮುಂತಾದ ಎಂಟು ಅಂಶಗಳಿಗೆ ಶಾಲೆ ಒಟ್ಟಾಗಿ ಬದ್ಧವಾಗಬೇಕು. ಶಿಕ್ಷಕರೆಲ್ಲರೂ ಬೇಸಿಗೆಯಲ್ಲಿ ಸತತ ಹಲವು ದಿನ ಒಟ್ಟಿಗೆ ತರಬೇತಿ ಪಡೆಯಬೇಕು. ಯಾವ ಘಟಕದಲ್ಲಿ ಯಾವ ಕಲೆ ಬೆಸೆಯಬೇಕೆಂಬುದನ್ನು ಅವರೇ ನಿರ್ಧರಿಸಬೇಕು. ಸ್ಥಳೀಯ ಪಠ್ಯವನ್ನು ಬದಲಿಸಬೇಕಾಗಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ತೊಡಕೆಂದರೆ ಇದು ಶಿಕ್ಷಕವೃಂದದ ಸ್ಥಿರತೆಯನ್ನು ಅವಲಂಬಿಸಿದೆ. ಪ್ರತಿ ವರ್ಷ ಅರ್ಧದಷ್ಟು ಶಿಕ್ಷಕರು ಬದಲಾಗುವ ಶಾಲೆಯಲ್ಲಿ, ಅಥವಾ ಉತ್ಸಾಹವೆಲ್ಲ ಒಬ್ಬ ಮುಖ್ಯ ಶಿಕ್ಷಕರದೇ ಆಗಿರುವ ಕಡೆ, ಒಟ್ಟಾಗಿ ಕಲಿತದ್ದು ಉಳಿಯುವುದಿಲ್ಲ.

ವಾಲ್ಡಾರ್ಫ್ ಶಿಕ್ಷಣ ಇದಕ್ಕಿಂತ ಹಳೆಯದು ಮತ್ತು ಹೆಚ್ಚು ಆಳವಾಗಿ ಬೇರೆಯಾದುದು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್-ಅಸ್ಟೋರಿಯಾ ಸಿಗರೇಟು ಕಾರ್ಖಾನೆಯ ಒಡೆಯ ಎಮಿಲ್ ಮೋಲ್ಟ್ ಅವರು ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆಯಬೇಕೆಂದು ಕೇಳಿಕೊಂಡಾಗ ರುಡಾಲ್ಫ್ ಸ್ಟೈನರ್ ಅದನ್ನು ರೂಪಿಸಿದರು. ದಿನದ ಆರಂಭದಲ್ಲಿ ಸುಮಾರು ಎರಡು ಗಂಟೆಯ ಮುಖ್ಯ ಪಾಠ, ಒಂದೇ ವಿಷಯವನ್ನು ಮೂರು ನಾಲ್ಕು ವಾರ ಬಿಡದೆ ಓದುವ ಅವಧಿಗಳು, ಸಿದ್ಧ ಪಠ್ಯಪುಸ್ತಕದ ಬದಲು ಮಕ್ಕಳೇ ಬರೆದು ಚಿತ್ರಿಸಿ ಕಟ್ಟುವ ಪುಸ್ತಕ, ಸಾಧ್ಯವಾದಷ್ಟೂ ಒಂದರಿಂದ ಎಂಟನೇ ತರಗತಿಯವರೆಗೆ ಅದೇ ತರಗತಿ ಶಿಕ್ಷಕರು: ಇವು ಅದರ ಗುರುತುಗಳು. ಇಲ್ಲಿ ಕಲೆಯನ್ನು ಪಾಠಕ್ಕೆ ಸೇರಿಸುವ ಪ್ರಶ್ನೆಯೇ ಏಳುವುದಿಲ್ಲ. ಪಾಠ ನಡೆಯುವುದೇ ಬಣ್ಣ, ಹಾಡು, ಚಲನೆ, ಕಥೆಗಳ ಮೂಲಕ. ಆದರೆ ಇದನ್ನು ತುಂಡು ತುಂಡಾಗಿ ಎರವಲು ಪಡೆಯುವುದು ಕಷ್ಟ. ಔಪಚಾರಿಕ ಓದನ್ನು ತಡವಾಗಿ ಆರಂಭಿಸುವುದು, ಚಿಕ್ಕ ತರಗತಿಗಳಲ್ಲಿ ಪರದೆಯ ಮಾಧ್ಯಮಗಳನ್ನು ದೂರವಿಡುವುದು, ಸ್ಟೈನರ್ ಅವರ ಆಂಥ್ರೊಪಾಸಫಿ ಎಂಬ ಆಧ್ಯಾತ್ಮಿಕ ಚಿಂತನೆಯ ಹಿನ್ನೆಲೆ, ಇವೆಲ್ಲ ಒಂದೇ ನೇಯ್ಗೆಯ ಎಳೆಗಳು. ಪೋಷಕರು ಈ ಹಿನ್ನೆಲೆಯನ್ನು ಮೊದಲೇ ಕೇಳಿ ತಿಳಿದುಕೊಂಡಿರಬೇಕು. ಮಗು ನಡುವೆ ಶಾಲೆ ಬದಲಾಯಿಸುವ ಸಂಭವವಿದ್ದರೆ, ಅದರಲ್ಲಿಯೂ ಒಂದರಿಂದ ಮೂರನೇ ತರಗತಿಯ ನಡುವೆ, ಓದು ಬರಹದ ಮಟ್ಟದಲ್ಲಿ ತಾತ್ಕಾಲಿಕ ಅಂತರ ಕಾಣಬಹುದು. ಒಬ್ಬರೇ ಶಿಕ್ಷಕರು ಎಂಟು ವರ್ಷ ಜೊತೆಗಿರುವುದು ಆ ಶಿಕ್ಷಕರು ಒಳ್ಳೆಯವರಾಗಿದ್ದಾಗ ಭಾಗ್ಯ; ಅಲ್ಲದಿದ್ದಾಗ ಮಗುವಿಗೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ.

ಮೂರನೆಯ ದಾರಿ ಕಲಾವಿದರೊಂದಿಗಿನ ಪಾಲುದಾರಿಕೆ. ಷಿಕಾಗೋದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ, ಕೇಪ್ ಎಂದು ಪರಿಚಿತವಾದ ಪಾಲುದಾರಿಕೆ ಸಂಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ವೃತ್ತಿನಿರತ ಕಲಾವಿದರೊಬ್ಬರು ತರಗತಿ ಶಿಕ್ಷಕರ ಜೊತೆ ಸೇರಿ ಘಟಕವನ್ನು ಯೋಜಿಸಿ, ಜೊತೆಯಾಗಿಯೇ ಪಾಠ ಮಾಡುತ್ತಾರೆ. ಶಾಲೆಗೆ ಬಂದು ಒಂದು ಪ್ರದರ್ಶನ ಕೊಟ್ಟು ಹೋಗುವ ಕಲಾವಿದರಿಗೂ ಇವರಿಗೂ ಇರುವ ವ್ಯತ್ಯಾಸ ಈ ಜಂಟಿ ಯೋಜನೆಯಲ್ಲಿದೆ. ಕಲೆಯ ಗುಣಮಟ್ಟದ ದೃಷ್ಟಿಯಿಂದ ಈ ಮಾದರಿಗೆ ಸಾಟಿಯಿಲ್ಲ: ತನ್ನ ಮಾಧ್ಯಮದಲ್ಲಿ ವರ್ಷಗಟ್ಟಲೆ ದುಡಿದವರು ‘ಇದು ಇನ್ನೂ ಆಗಿಲ್ಲ, ಮತ್ತೆ ಮಾಡು’ ಎನ್ನುವಾಗ ಮಗುವಿಗೆ ತಟ್ಟುವ ರೀತಿಯೇ ಬೇರೆ. ದುರ್ಬಲತೆ ಹಣದಲ್ಲಿದೆ. ಅನುದಾನ ನಿಂತಾಗ ಕಲಾವಿದರು ಹೋಗುತ್ತಾರೆ, ಅವರೊಂದಿಗೆ ಆ ಘಟಕವೂ ಹೋಗುತ್ತದೆ. ಈ ಮಾದರಿಯನ್ನು ಆರಿಸಿಕೊಳ್ಳುವ ಶಾಲೆ ಮೊದಲ ವರ್ಷದಿಂದಲೇ ಪಾಠ ಯೋಜನೆ, ಮಕ್ಕಳ ಕೆಲಸದ ಮಾದರಿಗಳು ಮತ್ತು ಎಡವಿದ ಜಾಗಗಳನ್ನು ಬರೆದಿಟ್ಟುಕೊಳ್ಳಬೇಕು. ಕಲಾವಿದರು ಪಾಠ ಮಾಡುವಾಗ ತರಗತಿ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ನೋಟ್ಸ್ ತಿದ್ದುತ್ತಿದ್ದರೆ, ಆ ಹಣದ ಅರ್ಧ ಆಗಲೇ ವ್ಯರ್ಥವಾದಂತೆ.

ಕೊನೆಯದಾಗಿ ಶಾಲೆಯ ರಚನೆಗೆ ಕೈಹಚ್ಚದೆ ಒಬ್ಬಿಬ್ಬರು ಶಿಕ್ಷಕರೂ ಆರಂಭಿಸಬಹುದಾದ ಸಣ್ಣ ಪದ್ಧತಿಗಳಿವೆ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನಾವಿನ್ ಮತ್ತು ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ರೂಪಿಸಿದ ಚಿತ್ರ ನೋಡುವ ಪದ್ಧತಿಯಲ್ಲಿ ಶಿಕ್ಷಕರು ಕೇಳುವುದು ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳುತ್ತೀರಿ? ಇನ್ನೇನು ಕಾಣಿಸುತ್ತದೆ? ಮಗು ಹೇಳಿದ್ದನ್ನು ಶಿಕ್ಷಕರು ಸರಿ ತಪ್ಪು ಎನ್ನದೆ ತಮ್ಮ ಮಾತಿನಲ್ಲಿ ಮರುನುಡಿಯುತ್ತಾರೆ, ಚಿತ್ರದ ಆ ಭಾಗವನ್ನು ಬೆರಳಿಟ್ಟು ತೋರಿಸುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರದಕ್ಕೆ ಜೋಡಿಸುತ್ತಾರೆ. ಎರಡನೆಯ ಪ್ರಶ್ನೆಯೇ ಇದರ ಜೀವಾಳ. ಅಭಿಪ್ರಾಯಕ್ಕೆ ಆಧಾರ ಕೊಡುವ ಆ ಅಭ್ಯಾಸ ವಿಜ್ಞಾನದ ವೀಕ್ಷಣೆಗೂ ಗದ್ಯಪಾಠದ ಚರ್ಚೆಗೂ ಹಾಗೆಯೇ ಸಾಗಿ ಬರುತ್ತದೆ. ಇದಕ್ಕೆ ಬೇಕಾದುದು ಒಂದು ಒಳ್ಳೆಯ ಚಿತ್ರ ಮತ್ತು ಅರ್ಧ ಪಿರಿಯಡ್ ಮಾತ್ರ. ಆದರೆ ಇಲ್ಲಿ ಮಕ್ಕಳು ಕಲೆಯನ್ನು ನೋಡುತ್ತಾರೆಯೇ ಹೊರತು ಮಾಡುವುದಿಲ್ಲ ಎಂಬುದನ್ನು ಮರೆಯಬಾರದು.

ಹಾರ್ವರ್ಡ್‌ನಲ್ಲಿ 1967ರಲ್ಲಿ ತತ್ತ್ವಜ್ಞಾನಿ ನೆಲ್ಸನ್ ಗುಡ್‌ಮನ್ ಸ್ಥಾಪಿಸಿದ ‘ಪ್ರಾಜೆಕ್ಟ್ ಝೀರೋ’ದ ಸಂಶೋಧಕರು ಕಲಾ ತರಗತಿಗಳಲ್ಲಿ ಬೆಳೆಯುವ ಎಂಟು ಮನೋಭ್ಯಾಸಗಳನ್ನು ಪಟ್ಟಿ ಮಾಡಿದ್ದಾರೆ. ಗಮನವಿಟ್ಟು ನೋಡುವುದು, ಮನಸ್ಸಿನಲ್ಲಿ ಮೊದಲೇ ಕಲ್ಪಿಸಿಕೊಳ್ಳುವುದು, ಕಷ್ಟವಾದರೂ ಬಿಡದೆ ಹಿಡಿಯುವುದು, ಮಾಡಿದ್ದನ್ನು ತಿರುಗಿ ವಿಮರ್ಶಿಸುವುದು ಅವುಗಳಲ್ಲಿ ಕೆಲವು. ಗಣಿತ, ವಿಜ್ಞಾನ, ಭಾಷೆಗಳ ಶಿಕ್ಷಕರಿಗೆ ಇದು ಒಂದು ಸಮಾನ ಭಾಷೆಯನ್ನು ಕೊಡುತ್ತದೆ. ಮೂಲ ಅಧ್ಯಯನ ನಡೆದದ್ದು ಪ್ರೌಢಶಾಲಾ ಹಂತದ ದೃಶ್ಯಕಲೆಯ ತರಗತಿಗಳಲ್ಲಿ ಎಂಬುದು ಗಮನದಲ್ಲಿರಲಿ. ಎರಡನೇ ತರಗತಿಗೆ ಇಳಿಸುವಾಗ ಎಂಟನ್ನೂ ಗೋಡೆಗೆ ಅಂಟಿಸುವ ಬದಲು ಒಂದೆರಡನ್ನು ಹಿಡಿದು ಕೆಲಸ ಮಾಡುವುದು ಮೇಲು.

ನಾಟಕದ ಕಡೆಯಿಂದ ಬ್ರಿಟನ್ನಿನ ಡೊರೊಥಿ ಹೀತ್‌ಕೋಟ್ ಬೆಳೆಸಿದ ಪದ್ಧತಿಯಲ್ಲಿ ಮಕ್ಕಳು ಪರಿಣತರ ಪಾತ್ರ ವಹಿಸಿಕೊಂಡು ಕಾಲ್ಪನಿಕ ಗ್ರಾಹಕರೊಬ್ಬರ ಕೆಲಸವನ್ನು ಒಪ್ಪಿಕೊಳ್ಳುತ್ತಾರೆ, ಶಿಕ್ಷಕರೂ ಪಾತ್ರವಾಗಿ ಒಳಗಿರುತ್ತಾರೆ. ಪ್ರೇಕ್ಷಕರಿಲ್ಲ, ಪ್ರದರ್ಶನವಿಲ್ಲ, ಬಾಯಿಪಾಠ ಮಾಡಬೇಕಾದ ಸಂಭಾಷಣೆಯೂ ಇಲ್ಲ. ಪಾತ್ರದ ಅಗತ್ಯಕ್ಕಾಗಿ ಓದಬೇಕು, ಪತ್ರ ಬರೆಯಬೇಕು, ಅಳತೆ ಲೆಕ್ಕ ಹಾಕಬೇಕು. ಇತಿಹಾಸ ಮತ್ತು ಭಾಷೆಯ ಪಾಠಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ, ಆದರೆ ಶಿಕ್ಷಕರಿಂದ ಇದು ಕೇಳುವ ಧೈರ್ಯ ಬೇರೆಲ್ಲ ಪದ್ಧತಿಗಳಿಗಿಂತ ಹೆಚ್ಚು.

ಸಂಶೋಧನೆ ಹೇಳುವುದೇನು

ಮಾರಾಟದ ಮಾತುಗಳಲ್ಲಿ ಮೊದಲು ಬರುವುದು ‘ಕಲೆಯಿಂದ ಅಂಕ ಹೆಚ್ಚುತ್ತದೆ’ ಎಂಬುದು. ಸಂಶೋಧಕರಾದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅವರು 2000ದಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಕಲೆ ಕಲಿಯುವುದರಿಂದಲೇ ಒಟ್ಟಾರೆ ಅಂಕ ಹೆಚ್ಚುತ್ತದೆ ಎಂದು ಕಾರ್ಯಕಾರಣ ಸಂಬಂಧದೊಂದಿಗೆ ಹೇಳಲು ಆಧಾರ ಸಿಗಲಿಲ್ಲ. ಕಲೆ ಕಲಿಯುವ ಮಕ್ಕಳು ಹೆಚ್ಚು ಅಂಕ ಪಡೆಯುತ್ತಾರೆ ಎಂಬುದು ನಿಜವಾಗಿತ್ತು, ಆದರೆ ಆ ಎರಡಕ್ಕೂ ಮನೆಯ ಪರಿಸರದಂಥ ಬೇರೆ ಕಾರಣಗಳಿರಬಹುದು. ಗಟ್ಟಿಯಾಗಿ ನಿಂತ ಸಂಬಂಧಗಳಲ್ಲಿ ಒಂದು, ತರಗತಿಯಲ್ಲಿ ಕಥೆಯನ್ನು ಅಭಿನಯಿಸುವುದರಿಂದ ಭಾಷಾ ಸಾಮರ್ಥ್ಯ ಬೆಳೆಯುತ್ತದೆ ಎಂಬುದು. ಉಳಿದವು ಸಂಗೀತಕ್ಕೂ ಆಕಾರ ಮತ್ತು ಸ್ಥಳವಿನ್ಯಾಸವನ್ನು ಗ್ರಹಿಸುವ ಶಕ್ತಿಗೂ ಸಂಬಂಧಿಸಿದವು. ವಿನ್ನರ್ ಅವರೂ ಸೇರಿ 2013ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಗಾಗಿ (ಒಇಸಿಡಿ) ಸಿದ್ಧಪಡಿಸಿದ ವರದಿಯೂ ಹೆಚ್ಚುಕಡಿಮೆ ಇದೇ ಎಚ್ಚರಿಕೆಯ ದನಿಯಲ್ಲಿದೆ.

ಇದು ಕಲಾ ತರಗತಿಗಳ ಮಾತು. ಸಂಯೋಜಿತ ಪಾಠದ ಪ್ರಶ್ನೆ ಸ್ವಲ್ಪ ಬೇರೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮಾರಿಯೇಲ್ ಹಾರ್ಡಿಮನ್ ಮತ್ತು ಸಂಗಡಿಗರು ಐದನೇ ತರಗತಿಯ ವಿಜ್ಞಾನ ಘಟಕಗಳನ್ನು ಕಲಾ ಸಂಯೋಜಿತವಾಗಿಯೂ ಸಾಮಾನ್ಯ ರೀತಿಯಲ್ಲಿಯೂ ಕಲಿಸಿ, ಕೆಲವು ವಾರಗಳ ನಂತರ ಎಷ್ಟು ನೆನಪಿನಲ್ಲಿ ಉಳಿದಿದೆ ಎಂದು ಹೋಲಿಸಿದರು. ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಸಂಯೋಜಿತ ಪಾಠದಿಂದ ಹೆಚ್ಚು ಪ್ರಯೋಜನವಾಯಿತು. ಪಾಠವನ್ನು ಕೇವಲ ಓದಿ ಬರೆದು ಕಲಿಯಬೇಕಾದಾಗ ಅಕ್ಷರವೇ ಅಡ್ಡಗೋಡೆಯಾಗುವ ಮಕ್ಕಳಿಗೆ ಚಿತ್ರ, ಚಲನೆ, ಅಭಿನಯಗಳು ಒಳಬರಲು ಇನ್ನೊಂದು ಬಾಗಿಲು ತೆರೆಯುತ್ತವೆ ಎಂಬ ವಿವರಣೆ ನನಗೆ ಒಪ್ಪಿತವಾಗಿ ಕಾಣುತ್ತದೆ. ಓದಿನ ಮಟ್ಟದಲ್ಲಿ ದೊಡ್ಡ ಅಂತರವಿರುವ ತರಗತಿಗಳಿಗೆ ಸಂಯೋಜನೆ ಹೆಚ್ಚು ಅರ್ಥಪೂರ್ಣ ಎಂದು ಇದರಿಂದ ಎಚ್ಚರಿಕೆಯಿಂದಲೇ ಹೇಳಬಹುದು.

ಎರಡು ವಾದಗಳು ಎದುರಾದರೆ ಹುಬ್ಬೇರಿಸಬೇಕು. ಮೊಜಾರ್ಟ್ ಕೇಳಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆ ಎಂಬ ಮಾತಿನ ಮೂಲ 1993ರ ಒಂದು ಪ್ರಯೋಗ. ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಕಂಡ ಪರಿಣಾಮ ಕಾಲು ಗಂಟೆಯೂ ಮೀರದಷ್ಟು ಅಲ್ಪಾಯುಷಿ. ಇನ್ನೊಂದು, ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಹಣೆಪಟ್ಟಿ ಹಚ್ಚಿ ಅದಕ್ಕೆ ತಕ್ಕ ಕಲೆ ಹಂಚುವ ಪದ್ಧತಿ. ಇಂಥ ವಿಂಗಡಣೆಯಿಂದ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಬಹುವಿಧ ಬುದ್ಧಿಶಕ್ತಿಗಳ ಸಿದ್ಧಾಂತವನ್ನು 1983ರಲ್ಲಿ ಮಂಡಿಸಿದ ಹೊವಾರ್ಡ್ ಗಾರ್ಡ್ನರ್ ಅವರೇ ತಮ್ಮ ಸಿದ್ಧಾಂತವನ್ನು ಕಲಿಕಾ ಶೈಲಿಗಳೊಂದಿಗೆ ಬೆರೆಸಬಾರದೆಂದು ಹೇಳಿದ್ದಾರೆ.

ಕಿರಿಯ ತರಗತಿಗಳು, ಹಿರಿಯ ತರಗತಿಗಳು

ಒಂದರಿಂದ ಐದನೇ ತರಗತಿಯವರೆಗೆ ಹೆಚ್ಚಿನ ವಿಷಯಗಳನ್ನು ಒಬ್ಬರೇ ಶಿಕ್ಷಕರು ಕಲಿಸುವುದರಿಂದ ಬೆಸುಗೆ ಸುಲಭ. ಬೆಳಗಿನ ಗಣಿತದಲ್ಲಿ ಬಂದ ಸಮಮಿತಿಯನ್ನು ಮಧ್ಯಾಹ್ನ ಕಾಗದ ಮಡಚಿ ಕತ್ತರಿಸುವಾಗ ನೆನಪಿಸಲು ಯಾರ ಅನುಮತಿಯೂ ಬೇಡ. ಇಲ್ಲಿನ ಕೊರತೆ ಕಲೆಯ ತಿಳಿವಳಿಕೆಯದು. ತರಗತಿ ಶಿಕ್ಷಕರಿಗೆ ನೃತ್ಯ ಅಥವಾ ಸಂಗೀತದ ಮೂಲಪಾಠಗಳು ತಿಳಿಯದಿದ್ದಾಗ ಎಲ್ಲ ಸಂಯೋಜನೆಯೂ ಕ್ರಯಾನ್ ಮತ್ತು ಅಂಟಿನ ಕಡೆಗೆ ಜಾರುತ್ತದೆ. ಇಂಥ ಶಾಲೆಗೆ ಎ ಪ್ಲಸ್ ಬಗೆಯ ಸಾಮೂಹಿಕ ತರಬೇತಿ ಅಥವಾ ವಾರಕ್ಕೊಮ್ಮೆಯಾದರೂ ಬರುವ ಕಲಾ ಶಿಕ್ಷಕರೊಂದಿಗಿನ ಜಂಟಿ ಪಾಠ ಹೆಚ್ಚು ಫಲ ಕೊಡುತ್ತದೆ.

ಆರರಿಂದ ಎಂಟರವರೆಗೆ ಪರಿಸ್ಥಿತಿ ತಿರುಗುಮುರುಗು. ವಿಷಯಕ್ಕೊಬ್ಬರು ಶಿಕ್ಷಕರು, ಗಂಟೆ ಬಾರಿಸಿದಾಗ ಕೊಠಡಿ ಬಿಡಬೇಕಾದ ಮಕ್ಕಳು, ಹತ್ತಿರವಾಗುತ್ತಿರುವ ಪರೀಕ್ಷೆಗಳು. ತಿಳಿವಳಿಕೆ ಹೆಚ್ಚಿದೆ, ಆದರೆ ಅದು ಬೇರೆ ಬೇರೆ ತಲೆಗಳಲ್ಲಿ ಹಂಚಿಹೋಗಿದೆ. ವಿಜ್ಞಾನ ಮತ್ತು ನೃತ್ಯದ ಶಿಕ್ಷಕರಿಬ್ಬರೂ ಒಂದೇ ಹೊತ್ತಿನಲ್ಲಿ ಬಿಡುವಾಗಿರುವ ಒಂದು ಪಿರಿಯಡ್ ವಾರದಲ್ಲಿ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಮಾದರಿಯನ್ನು ತಂದರೂ ಅದು ಸಿಬ್ಬಂದಿ ಕೊಠಡಿಯ ಓಡಾಟದ ಮಾತುಕತೆಯಲ್ಲೇ ಮುಗಿಯುತ್ತದೆ. ಮಾದರಿಯನ್ನು ಒಪ್ಪಿಕೊಳ್ಳುವ ಮೊದಲು ಮುಂದಿನ ವರ್ಷದ ವೇಳಾಪಟ್ಟಿಯ ಕರಡನ್ನು ಮೇಜಿನ ಮೇಲೆ ಹರಡಿ ಆ ಪಿರಿಯಡ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಕೇಳಬೇಕು. ಎಲ್ಲ ವಿಷಯಗಳನ್ನೂ ಬೆಸೆಯುವ ಆಸೆ ಈ ಹಂತದಲ್ಲಿ ಬೇಡ. ಒಂದು ಅವಧಿಗೆ ಒಂದೇ ಗಟ್ಟಿ ಘಟಕ ಸಾಕು.

ಹನ್ನೆರಡು ಹದಿಮೂರರ ಮಕ್ಕಳ ಸಂಕೋಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕನೇ ತರಗತಿಯಲ್ಲಿ ಹಿಗ್ಗಿನಿಂದ ಕುಣಿದ ಮಗು ಏಳನೇ ತರಗತಿಯಲ್ಲಿ ಗೆಳೆಯರೆದುರು ಕೈಯೆತ್ತಲೂ ಹಿಂಜರಿಯುತ್ತದೆ. ಛಾಯಾಚಿತ್ರ, ಧ್ವನಿಮುದ್ರಣ, ಸಣ್ಣ ವಿಡಿಯೊ, ಬೊಂಬೆಯಾಟದಂಥ, ಮೈಯನ್ನು ನೇರವಾಗಿ ಮುಂದೊಡ್ಡಬೇಕಾಗಿಲ್ಲದ ಪ್ರಕಾರಗಳು ಈ ವಯಸ್ಸಿಗೆ ಒಗ್ಗುತ್ತವೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಕಲಾ ಮಾನದಂಡಗಳು ನೃತ್ಯ, ಸಂಗೀತ, ರಂಗಕಲೆ, ದೃಶ್ಯಕಲೆಗಳ ಜೊತೆಗೆ ಮಾಧ್ಯಮ ಕಲೆಗಳನ್ನೂ ಐದನೆಯ ಪ್ರಕಾರವಾಗಿ ಸೇರಿಸಿಕೊಂಡಿರುವುದು ಇಲ್ಲಿ ಸಹಾಯಕ್ಕೆ ಬರುತ್ತದೆ. ಸೃಷ್ಟಿಸುವುದು, ಪ್ರಸ್ತುತಪಡಿಸುವುದು, ಸ್ಪಂದಿಸುವುದು, ಸಂಬಂಧ ಕಲ್ಪಿಸುವುದು ಎಂಬ ನಾಲ್ಕು ಪ್ರಕ್ರಿಯೆಗಳ ಅಡಿಯಲ್ಲಿ ತರಗತಿವಾರು ನಿರೀಕ್ಷೆಗಳನ್ನು ಅವು ಕೊಡುತ್ತವೆ. ಯಾವ ದೇಶದ ಶಾಲೆಯಾದರೂ ಕಲೆಯ ಗುರಿಯನ್ನು ಬರೆದುಕೊಳ್ಳುವಾಗ ಇವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ಮೌಲ್ಯಮಾಪನ ಮತ್ತು ಆಯ್ಕೆ

ಪುಸ್ತಿಕೆಗಳು ಅತಿ ಕಡಿಮೆ ಮಾತನಾಡುವುದು ಮೌಲ್ಯಮಾಪನದ ಬಗ್ಗೆ, ಆದ್ದರಿಂದ ಅತಿ ಹೆಚ್ಚು ಕೇಳಬೇಕಾದುದೂ ಅದನ್ನೇ. ಆರನೇ ತರಗತಿಯಲ್ಲಿ ದ್ರವ್ಯದ ಮೂರು ಸ್ಥಿತಿಗಳನ್ನು ಚಲನೆಯ ಮೂಲಕ ತೋರಿಸುವ ಘಟಕವಿದೆ ಎನ್ನೋಣ. ವಿಜ್ಞಾನದ ಸಾಲಿನಲ್ಲಿ ನೋಡಬೇಕಾದುದು: ಘನದ ಕಣಗಳಾದ ಮಕ್ಕಳು ನಿಂತಲ್ಲೇ ಕಂಪಿಸುತ್ತಿದ್ದರೇ, ಅಥವಾ ಕಲ್ಲಿನಂತೆ ನಿಶ್ಚಲವಾಗಿ ನಿಂತರೇ? ದ್ರವವಾದಾಗ ಒಬ್ಬರ ಪಕ್ಕದಿಂದ ಒಬ್ಬರು ಜಾರುತ್ತಾ ಹತ್ತಿರವೇ ಉಳಿದರೇ? ಅನಿಲವಾದಾಗ ಕೊಠಡಿಯ ಮೂಲೆಮೂಲೆಗೂ ಹರಡಿದರೇ? ನಿಶ್ಚಲವಾಗಿ ನಿಂತ ಗುಂಪು, ಘನದ ಕಣಗಳು ಚಲಿಸುವುದೇ ಇಲ್ಲ ಎಂಬ ತಪ್ಪು ಕಲ್ಪನೆಯನ್ನು ಮೈಯಿಂದಲೇ ಬರೆದು ತೋರಿಸಿದಂತೆ. ಲಿಖಿತ ಪರೀಕ್ಷೆಯಲ್ಲಿ ಇದು ಇಷ್ಟು ಬೇಗ ಹೊರಬರುತ್ತಿರಲಿಲ್ಲ. ನೃತ್ಯದ ಸಾಲು ಬೇರೆಯಿರಬೇಕು: ವೇಗದಲ್ಲಿ, ಎತ್ತರ ತಗ್ಗುಗಳಲ್ಲಿ, ಬಳಸಿದ ಜಾಗದಲ್ಲಿ ಸ್ಪಷ್ಟ ವ್ಯತ್ಯಾಸ ತಂದರೇ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಸಂಧಿಯನ್ನು ಯೋಚಿಸಿ ಕಟ್ಟಿದರೇ? ಎರಡೂ ಸಾಲುಗಳನ್ನು ಕೂಡಿಸಿ ಒಂದೇ ಅಂಕ ಕೊಟ್ಟರೆ ಚಂದದ ಕುಣಿತದ ಹಿಂದೆ ತಪ್ಪು ವಿಜ್ಞಾನ ಅಡಗಿಕೊಳ್ಳುತ್ತದೆ. ‘ಅಚ್ಚುಕಟ್ಟು’, ‘ಉತ್ಸಾಹ’, ‘ಸೃಜನಶೀಲತೆ’ ಎಂಬ ಮೂರೇ ಶೀರ್ಷಿಕೆಗಳಿರುವ ಅಂಕಪಟ್ಟಿಯನ್ನು ಶಾಲೆ ತೋರಿಸಿದರೆ ಅಲ್ಲಿ ಎರಡೂ ವಿಷಯಗಳ ಗುರಿ ಇಲ್ಲವೆಂದು ತಿಳಿಯಬಹುದು.

ಇಷ್ಟರ ಮೇಲೆ ಆಯ್ಕೆಯ ಮಾತು. ಶಿಕ್ಷಕರು ಸ್ಥಿರವಾಗಿದ್ದು, ಮುಖ್ಯ ಶಿಕ್ಷಕರೂ ಆಡಳಿತ ಮಂಡಳಿಯೂ ಕೆಲವು ವರ್ಷ ಕಾಯಲು ಸಿದ್ಧರಿದ್ದರೆ ಇಡೀ ಶಾಲೆಯ ಮಾದರಿ ಯೋಗ್ಯ. ಹಣವಿದ್ದು ಕಾಲಾವಕಾಶ ಕಡಿಮೆ ಇದ್ದರೆ ಕಲಾವಿದರ ಪಾಲುದಾರಿಕೆಯನ್ನು ಎರಡು ತರಗತಿಗಳಿಗೆ ಮಾತ್ರ ಸೀಮಿತಗೊಳಿಸಿ ಆರಂಭಿಸಬಹುದು. ಎಂಟೂ ತರಗತಿಗಳಿಗೆ ಹಂಚಿ ತೆಳ್ಳಗೆ ಮಾಡುವುದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಹಣ, ಸಮಯ ಎರಡೂ ಇಲ್ಲದ ಶಾಲೆಗೆ ಚಿತ್ರ ನೋಡುವ ಪದ್ಧತಿ ಮತ್ತು ಕಥೆಯ ಅಭಿನಯ ಇವೆರಡನ್ನೇ ನಾನು ಸೂಚಿಸುತ್ತೇನೆ; ಅಭಿನಯಕ್ಕೆ ಸಂಶೋಧನೆಯ ಬೆಂಬಲವೂ ಇದೆ, ವೇಷಭೂಷಣದ ಖರ್ಚೂ ಇಲ್ಲ. ವಾಲ್ಡಾರ್ಫ್ ಶಿಕ್ಷಣವನ್ನು ಹೊಸ ಶಾಲೆಯಾಗಿ ಕಟ್ಟಬಹುದು, ನಡೆಯುತ್ತಿರುವ ಶಾಲೆಗೆ ತೇಪೆಯಾಗಿ ಹಚ್ಚಲಾಗದು. ಲಿಖಿತ ಪರೀಕ್ಷೆಯ ಒತ್ತಡ ಹೆಚ್ಚಿರುವ ಕಡೆ, ಮೊದಲ ಪ್ರಯೋಗವನ್ನು ಮಕ್ಕಳು ಪ್ರತಿ ವರ್ಷ ಎಡವುವ ಘಟಕದ ಮೇಲೆಯೇ ಮಾಡುವುದು ಜಾಣತನ. ಸುಲಭದ ಘಟಕವನ್ನು ಆರಿಸಿಕೊಂಡರೆ ಪಾಠ ಚಂದವಾಗಿ ಕಾಣುತ್ತದೆ, ಆದರೆ ಕಲೆ ಅಲ್ಲಿ ಏನನ್ನಾದರೂ ಬದಲಿಸಿತೇ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಪೋಷಕರು ಶಾಲೆ ನೋಡಲು ಹೋದಾಗ ಗೋಡೆಯ ಮೇಲಿನ ಕೆಲಸಗಳನ್ನು ನಿಧಾನವಾಗಿ ನೋಡಬೇಕು. ಒಂದೇ ತರಗತಿಯ ಮೂವತ್ತು ಚಿತ್ರಗಳೂ ಒಂದೇ ರೀತಿ ಇದ್ದರೆ ಅಲ್ಲಿ ನಡೆದದ್ದು ನಕಲು. ಮೊದಲ ಕರಡು, ತಿದ್ದಿದ ಕರಡು, ಅಂತಿಮ ರೂಪ ಮೂರನ್ನೂ ಜೋಡಿಸಿಟ್ಟ ಶಾಲೆಯಲ್ಲಿ ಕಲಿಕೆಯ ದಾರಿಗೆ ಬೆಲೆಯಿದೆ. ಸಾಧ್ಯವಾದರೆ ಒಂದು ಮಗುವನ್ನು ಕರೆದು ‘ಇದನ್ನು ಮಾಡುವಾಗ ಎಲ್ಲಿ ಕಷ್ಟವಾಯಿತು’ ಎಂದು ಕೇಳಿ. ಬಣ್ಣ ಹರಿದುಹೋದದ್ದನ್ನೂ ಪಾಠದಲ್ಲಿ ಅರ್ಥವಾಗದಿದ್ದದ್ದನ್ನೂ ಮಗು ಒಟ್ಟಿಗೆ ಹೇಳಿದರೆ, ಆ ಶಾಲೆ ಯಾವ ಮಾದರಿಯ ಹೆಸರು ಹಾಕಿಕೊಂಡಿದೆ ಎಂಬುದನ್ನು ಆಮೇಲೆ ವಿಚಾರಿಸಿದರೂ ಆದೀತು.